ಬರೆವಣಿಗೆಯ ಬಗೆಗಳೂ ಮೆಟ್ಟಿಲುಗಳೂ

ಮಾತು ಎಲ್ಲರದು, ಬರೆವಣಿಗೆ ಮಾತ್ರ ಕೆಲವರದು ಎಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಬಲವಾಗಿ ಬೇರೂರಿರುವುದು. ಜಗಲಿಯ ಮೇಲೆ ಕುಳಿತು ಒಂದು ಜಾವದ ಹೊತ್ತು ಸೊಗಸಾಗಿ ಮಾತನಾಡಬಲ್ಲ ಗೃಹಸ್ಥರ ಕೈಗೆ ಕಾಗದ ಲೇಖನಿಗಳನ್ನು ಕೊಟ್ಟು, “ಈಗ ಹೇಳಿದುದನ್ನೇ ನಾಲ್ಕು ಸಾಲು ಬರೆದುಕೊಡಿ” ಎಂದರೆ, “ಅಯ್ಯೋ, ನಾವೇನು ಕವಿಗಳೇ, ಪಂಡಿತರೇ?” ಎಂದು ಹಿಂದೆಗೆಯುವರು. ಆದರೆ ಅದೇ ಗೃಹಸ್ಥರು ತಿಂಗಳ ದಿನಸಿಯ ಪಟ್ಟಿಯನ್ನು ಬರೆಯುತ್ತಾರೆ. ಮಗಳ ಮದುವೆಯ ಲಗ್ನಪತ್ರಿಕೆಗೆ ಒಕ್ಕಣೆಯನ್ನು ಹೂಡುತ್ತಾರೆ. ತಾಲ್ಲೂಕು ಕಚೇರಿಗೆ ಅರ್ಜಿಯನ್ನು ಸಲ್ಲಿಸುತ್ತಾರೆ. ಅಣ್ಣತಮ್ಮಂದಿರ ಪಾಲುಪಟ್ಟಿಗೆ ರುಜು ಹಾಕುತ್ತಾರೆ. ಇವೆಲ್ಲವೂ ಬರೆವಣಿಗೆಯಲ್ಲದೆ ಮತ್ತೇನು? ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ, ಕಡೆಗೆ ಹಿರಿಯೂರು ಈ ನಾಲ್ಕು ಸೀಮೆಗಳ ಶಾಲೆಗಳಲ್ಲಿ ಕನ್ನಡ ಸಂಸ್ಕೃತಗಳನ್ನು ಕಲಿಸಿ ವಿಶ್ರಾಂತಿ ಪಡೆದವರು. ಆ ಅವಧಿಯಲ್ಲಿ ನಮಗೆ ಮನವರಿಕೆಯಾದ ಒಂದೆರಡು ವಿಷಯಗಳನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಬರೆವಣಿಗೆಯ ಬಗೆಗಳನ್ನು ನೋಡೋಣ. ಇದಕ್ಕೆ ನಾವು ಬಹುದೂರ ಹೋಗಬೇಕಾದುದಿಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕಚಕ್ರವರ್ತಿಯ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಎಂಬ ವಿದ್ವಾಂಸರು ಇವುಗಳನ್ನು ಬೆಳಕಿಗೆ ತಂದರು. ಇವುಗಳಿಗೆ ಈಗ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲ್ಪಟ್ಟ ವಯಸ್ಸು. ಇವುಗಳ ಒಕ್ಕಣೆಯನ್ನು ಗಮನಿಸಿದವರಿಗೆ ಒಂದು ಸ್ವಾರಸ್ಯ ಹೊಳೆಯುವುದು: ಶಾಸನವು ಒಂದು ಕಾಗದದಂತೆಯೇ ಪ್ರಾರಂಭವಾಗುತ್ತದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಬರೆದು ಕಳುಹಿಸಿದುದು. ಚಕ್ರವರ್ತಿಯ ಅಪ್ಪಣೆಯನ್ನು ತಿಳಿಸುವುದಕ್ಕೆ ಮುಂಚೆ ಅವರ ಆರೋಗ್ಯವನ್ನು ವಿಚಾರಿಸಿರುವುದು. ನಾವಿಂದಿಗೂ ಕಾಗದದಲ್ಲಿ ಮೊದಲು ಕ್ಷೇಮಸಮಾಚಾರವನ್ನು ಕೇಳಿ, ಅನಂತರ ಕಾರ್ಯಕ್ಕೆ ಇಳಿಯುತ್ತೇವಷ್ಟೆ. ಈ ಮರ್ಯಾದೆಯು ನಮ್ಮ ಸೀಮೆಯಲ್ಲಿ ಬಂಡೆಯಷ್ಟು ಹಳೆಯದು.

ಆ ಶಾಸನದಲ್ಲಿ ಹೇಳಿರುವುದೇನು? ಸಾಧನೆಯು ದೊಡ್ಡವರಿಗೆ ಮಾತ್ರ ದಕ್ಕತಕ್ಕದ್ದಲ್ಲ, ಚಿಕ್ಕವರೂ ಉತ್ಸಾಹದಿಂದ ಪ್ರಯತ್ನಿಸಿದರೆ ಅದನ್ನು ಪಡೆಯಬಹುದು ಎಂದು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದು. ಕಡೆಯಲ್ಲಿ ಲಿಪಿಕಾರನಾದ ಚಪಡನು ತನ್ನ ಹೆಸರನ್ನು ಬರೆದಿದ್ದಾನೆ. ಶಾಸನವೆಲ್ಲವೂ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀ ಲಿಪಿಯಲ್ಲಿದ್ದರೂ, ‘ಲಿಪಿಕಾರ’ನೆಂಬ ತನ್ನ ವೃತ್ತಿಸೂಚಕಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೊರೆದಿರುವನು. ಖರೋಷ್ಠಿಯು ಭರತಖಂಡದ ವಾಯವ್ಯದಿಕ್ಕಿನ ಲಿಪಿ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ರಾಜನ ಮಾತನ್ನು ರಾಜನ ಲಿಪಿಯಲ್ಲಿ ಬರೆದು, ತನ್ನದಾದ ಒಂದು ಪದವನ್ನು ತನ್ನ ಲಿಪಿಯಲ್ಲಿ ಬರೆದ ಆ ಮನುಷ್ಯನನ್ನು ನೆನೆದಾಗಲೆಲ್ಲ ನಮಗೆ ಅವನು ನೆರೆಮನೆಯವನೆಂಬಂತೆ ತೋರುತ್ತಾನೆ.

ಹೀಗೆ ಪತ್ರವೇ ಶಾಸನವಾದುದನ್ನು ಕಂಡೆವು. ದುರ್ಗಕ್ಕೆ ಹೊಂದಿಕೊಂಡಿರುವ ಚಂದ್ರವಳ್ಳಿಯಲ್ಲಿ, ೧೯೨೯ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಕಂಡುಹಿಡಿದ ಕದಂಬ ಮಯೂರಶರ್ಮನ ಶಾಸನವು ಇನ್ನೊಂದು ಬಗೆಯದು. ಅದು ಒಂದು ಕೆರೆಯ ವಿಷಯ. ಅದರಲ್ಲಿರುವುದು ಮೂರೇ ಪಂಕ್ತಿಗಳು. ಆದರೆ ಅವುಗಳನ್ನು ಹೇಗೆ ಓದಬೇಕೆಂಬ ವಿಷಯದಲ್ಲಿ ವಿದ್ವಾಂಸರು ಬಹುಕಾಲದಿಂದ ವಾದಿಸುತ್ತಿದ್ದಾರೆ. ಬರೆದವನಿಗೆ ಸ್ಪಷ್ಟವಾಗಿದ್ದುದು ಓದುವವನಿಗೂ ಸ್ಪಷ್ಟವಾಗಿಯೇ ಇರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದು ನಿದರ್ಶನ.

ಮುಂದೆ ಓಲೆಗರಿ ಬಂದಿತು. ಕಂಠದಿಂದ ಕೊರೆದು ಮಸಿಯನ್ನು ತೊಡೆದರೆ ಅಕ್ಷರ ಎದ್ದುಕಾಣುವುದು. ಅನಂತರ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಕಲ್ಲಿನ ಮೇಲೆ ತಪ್ಪಿದರೆ ತಪ್ಪಿದುದೇ. ಕಡತದಲ್ಲಾದರೋ ಒರಸಿ ಮತ್ತೆ ಬರೆಯಬಹುದು. ಇಂದು ಕಚೇರಿಯ ಕಾಗದದ ಕಟ್ಟಿಗೂ ‘ಕಡತ’ವೆಂದೇ ಹೆಸರು ನಿಂತಿದೆ; ಬಟ್ಟೆಯೂ ಹೋಯಿತು, ಬಳಪವೂ ಹೋಯಿತು, ಹೆಸರು ಉಳಿಯಿತು.

ಒಂದೇ ವಸ್ತುವು ಬಗೆಬಗೆಯ ಬರೆವಣಿಗೆಯಾಗಿ ಮೈದಾಳುವುದಕ್ಕೂ ನಮ್ಮ ದುರ್ಗವೇ ಉದಾಹರಣೆ. ೧೭೭೯ರಲ್ಲಿ ಹೈದರಾಲಿಯ ಕೈಗೆ ದುರ್ಗವು ಬಿದ್ದು ಪಾಳೆಯಗಾರರ ಆಳ್ವಿಕೆ ಮುಗಿದ ವೃತ್ತಾಂತವನ್ನು ಎಂ. ಎಸ್. ಪುಟ್ಟಣ್ಣನವರು ಚರಿತ್ರೆಯಾಗಿ ಬರೆದರು, ಹುಲ್ಲೂರು ಶ್ರೀನಿವಾಸ ಜೋಯಿಸರು ಸಂಶೋಧಕರಾಗಿ ಅದನ್ನು ಶೋಧಿಸಿದರು, ತ. ರಾ. ಸುಬ್ಬರಾಯರು ಅದನ್ನೇ ‘ದುರ್ಗಾಸ್ತಮಾನ’ವೆಂಬ ಕಾದಂಬರಿಯಾಗಿ ರಚಿಸಿದರು. ಆ ಕೃತಿಗೆ ೧೯೮೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯುವ ವೇಳೆಗೆ ಅವರು ತೀರಿಹೋಗಿ ಒಂದು ವರ್ಷವಾಗಿದ್ದಿತು. ಹೊಳಲ್ಕೆರೆಯ ಕಡೆಗೆ ಹೋದರೆ, ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮದ ರಾಘವೇಂದ್ರಸ್ವಾಮಿಗಳು ‘ತಿರುಕ’ನೆಂಬ ಹೆಸರಿಟ್ಟುಕೊಂಡು ತಮ್ಮ ಜೀವನವನ್ನೇ ‘ಜೋಳಿಗೆಯ ಪವಾಡ’ವೆಂದು ಬರೆದಿಟ್ಟರು. ಚರಿತ್ರಕಾರನು ‘ಇದು ನಡೆಯಿತು’ ಎನ್ನುತ್ತಾನೆ. ಕಾದಂಬರಿಕಾರನು ‘ನಡೆದಾಗ ಅವರ ಮನಸ್ಸು ಹೀಗಿದ್ದಿರಬೇಕು’ ಎನ್ನುತ್ತಾನೆ. ಆತ್ಮಕಥೆಯವನು ‘ನನಗೆ ಹೀಗಾಯಿತು’ ಎನ್ನುತ್ತಾನೆ. ಅರ್ಜಿದಾರನು ‘ನನಗೆ ಹೀಗಾಗಿದೆ, ತಾವು ಇದನ್ನು ಮಾಡಿಕೊಡಬೇಕು’ ಎನ್ನುತ್ತಾನೆ.

ಬಗೆಗಳನ್ನು ಬೇರ್ಪಡಿಸುವುದಕ್ಕೆ ನಮ್ಮ ಶಾಸ್ತ್ರಕಾರರು ಒಂದು ಒರೆಗಲ್ಲನ್ನು ಕೊಟ್ಟಿದ್ದಾರೆ. ಯಾವ ಗ್ರಂಥವನ್ನು ಪ್ರಾರಂಭಿಸುವಾಗಲೂ ನಾಲ್ಕು ಸಂಗತಿಗಳನ್ನು ತಿಳಿಸಬೇಕೆಂದು ಅವರ ಕಟ್ಟಳೆ. ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಏನನ್ನು ಬರೆಯುತ್ತೇನೆ, ಏತಕ್ಕೆ ಬರೆಯುತ್ತೇನೆ, ಯಾರು ಓದತಕ್ಕವರು, ಇವುಗಳಿಗೆ ಒಂದಕ್ಕೊಂದು ಏನು ನಂಟು ಎಂಬಷ್ಟೇ ಇದರ ತಾತ್ಪರ್ಯ. ವೇದಾಂತಗ್ರಂಥಕ್ಕೆ ಹೇಳಿದ ಈ ಮಾತು ಹಾಲಿನವನಿಗೆ ಬಾಗಿಲಲ್ಲಿ ಅಂಟಿಸುವ ಚೀಟಿಗೂ ಸಲ್ಲುವುದು.

ಇನ್ನು ಮೆಟ್ಟಿಲುಗಳ ವಿಚಾರ. ಮೊದಲನೆಯದು ಸಂಗ್ರಹ. ನಮ್ಮ ಶಾಲೆಗಳಲ್ಲಿ ‘ಮಳೆಗಾಲದ ಒಂದು ದಿನ’ ಎಂಬ ಪ್ರಬಂಧವನ್ನು ಬರೆಯಿಸುವ ಸಂಪ್ರದಾಯವುಂಟು. ಹಿರಿಯೂರು ಮಳೆಯ ಅಭಾವಕ್ಕೆ ಹೆಸರಾದ ಸೀಮೆ. ಆದರೂ ಅಲ್ಲಿಯ ಮಕ್ಕಳ ಪ್ರಬಂಧಗಳಲ್ಲಿ ನವಿಲುಗಳು ಗರಿಗೆದರಿ ಕುಣಿಯುವುವು, ನದಿಗಳು ಉಕ್ಕಿ ಹರಿಯುವುವು, ಕಪ್ಪೆಗಳು ವೇದಘೋಷ ಮಾಡುವುವು! ಇವೆಲ್ಲವೂ ಮಾರ್ಗದರ್ಶಿ ಪುಸ್ತಕಗಳಿಂದ ಇಳಿದ ಮಳೆ. ೨೦೨೨ರಲ್ಲಿ ವಾಣೀವಿಲಾಸಸಾಗರವು ತುಂಬಿ ಕೋಡಿ ಬಿದ್ದಿತು. ೧೯೦೭ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯವು ಅದಕ್ಕೆ ಹಿಂದೆ ಕೋಡಿ ಹರಿದುದು ೧೯೩೩ರಲ್ಲಿ. ಎಂಬತ್ತೊಂಬತ್ತು ವರ್ಷ! ಆ ಸಲ ನಾವು ತರಗತಿಯಲ್ಲಿ, “ಪುಸ್ತಕದ ಮಳೆ ಬೇಡ, ನೀವು ಕಂಡುದನ್ನು ಬರೆಯಿರಿ” ಎಂದೆವು. ಒಬ್ಬ ಹುಡುಗನು ಹನ್ನೆರಡು ವಾಕ್ಯಗಳನ್ನು ಬರೆದನು. ತಾನು ತಾತನನ್ನು ಕರೆದುಕೊಂಡು ಕೋಡಿಯನ್ನು ನೋಡಲು ಹೋದುದು. ಬಸ್ಸಿನಲ್ಲಿ ಕಾಲಿಡಲು ಸ್ಥಳವಿಲ್ಲದಿದ್ದುದು. ತಾತನು ನೀರಿನ ಹತ್ತಿರ ಹೋಗಿ ಎಕ್ಕಡಗಳನ್ನು ಬಿಟ್ಟು, ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು, ಬಹಳ ಹೊತ್ತು ಯಾರೊಡನೆಯೂ ಮಾತನಾಡದಿದ್ದುದು. ಹಿಂದಿನ ಕೋಡಿಯ ವಿಷಯವನ್ನು ತನ್ನ ತಂದೆ ಹೇಳುತ್ತಿದ್ದನೆಂದು ಮನೆಗೆ ಬಂದಮೇಲೆ ತಿಳಿಸಿದುದು. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದುವು. ಆದರೆ ಆ ಪ್ರಬಂಧದಲ್ಲಿ ನೀರಿತ್ತು. ಸಂಗ್ರಹವೆಂದರೆ ಇಷ್ಟೆ: ಕಣ್ಣು ಕಂಡುದನ್ನೂ ಕಿವಿ ಕೇಳಿದುದನ್ನೂ ಮೊದಲು ಗುಡ್ಡೆ ಹಾಕಿಕೊಳ್ಳುವುದು.

ಎರಡನೆಯದು ಜೋಡಣೆ. ರಾಶಿ ಹಾಕಿದ ಧಾನ್ಯವನ್ನು ತೂರಿ, ಕೇರಿ, ಅಳೆದು ಚೀಲಕ್ಕೆ ತುಂಬುವಂತೆ, ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಗೊತ್ತುಮಾಡಿಕೊಳ್ಳುವುದು. ಅರ್ಜಿ ಬರೆಯಿಸಲು ನಮ್ಮ ಬಳಿಗೆ ಬರುತ್ತಿದ್ದ ರೈತರು ತಮ್ಮ ತೋಟ ಒಣಗಿದ ಕಥೆಯನ್ನು ಮುತ್ತಾತನ ಕಾಲದಿಂದ ಪ್ರಾರಂಭಿಸುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ಕಡೆಯಲ್ಲಿ ಅವರು ನಿಟ್ಟುಸಿರಿನೊಡನೆ ಹೇಳುತ್ತಿದ್ದ ಮಾತನ್ನೇ ಅರ್ಜಿಯ ಮೊದಲನೆಯ ವಾಕ್ಯವಾಗಿ ಇಡುತ್ತಿದ್ದೆವು. ಅಧಿಕಾರಿಗೆ ಬೇಕಾದುದು ಸರ್ವೆ ನಂಬರು, ಮರಗಳ ಸಂಖ್ಯೆ, ಕೊಳವೆಬಾವಿ ಬತ್ತಿದ ತಿಂಗಳು. ಮುತ್ತಾತನ ಕಥೆಯೂ ಬೆಲೆಯುಳ್ಳದ್ದೇ. ಅದಕ್ಕೆ ತಕ್ಕ ಸ್ಥಳ ಮೊಮ್ಮಕ್ಕಳಿಗಾಗಿ ಬರೆದಿಡುವ ಮನೆತನದ ಪುಸ್ತಕ.

ಮೂರನೆಯದು ಕರಡು. ಇಲ್ಲಿ ಅಂಜಿಕೆ ಕೂಡದು. ಅಕ್ಷರ ಚೆನ್ನಾಗಿಲ್ಲ, ಮಾತು ಒಪ್ಪವಾಗಿಲ್ಲ ಎಂದು ನಿಲ್ಲದೆ ಕೊನೆಯವರೆಗೂ ಬರೆದುಬಿಡಬೇಕು. ಕಡತದ ಬಳಪವೆಂದೇ ಭಾವಿಸಬೇಕು.

ನಾಲ್ಕನೆಯದು ತಿದ್ದುವಿಕೆ. ಇದೇ ಕಷ್ಟದ ಮೆಟ್ಟಿಲು. ಬಹುಮಂದಿ ಇದನ್ನು ಹತ್ತದೆಯೇ ಮೇಲಕ್ಕೆ ಹಾರುವರು. ಸಾವಿರ ವರ್ಷಗಳಿಗೂ ಹಿಂದೆ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನು ಹೇಳುತ್ತ, ಬೆಳಗಿನಲ್ಲಿ ರಚಿಸಿದುದನ್ನು ಮಧ್ಯಾಹ್ನಾನಂತರ ಪರೀಕ್ಷಿಸಬೇಕೆಂದು ವಿಧಿಸಿರುವನು. ಬರೆಯುವಾಗ ಮನಸ್ಸು ರಸಾವೇಶದಲ್ಲಿರುವುದರಿಂದ ವಿವೇಕದ ಕಣ್ಣು ತೆರೆದಿರುವುದಿಲ್ಲವೆಂಬುದು ಅವನು ಕೊಟ್ಟ ಕಾರಣ. ಆ ಪರೀಕ್ಷೆಯಲ್ಲಿ ಮಾಡಬೇಕಾದ ನಾಲ್ಕು ಕೆಲಸಗಳನ್ನೂ ಅವನು ಎಣಿಸಿದ್ದಾನೆ: ಹೆಚ್ಚಾದುದನ್ನು ಬಿಡುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಾಯಿಸುವುದು, ಮರೆತುದನ್ನು ನೆನೆದು ಸೇರಿಸುವುದು. ಇಂದಿನ ಯಾವ ಶಿಕ್ಷಣಶಾಸ್ತ್ರಜ್ಞರೂ ಇದಕ್ಕಿಂತ ಹೆಚ್ಚಿನದನ್ನು ಹೇಳಿದುದನ್ನು ನಾವು ಕಾಣೆವು.

ಐದನೆಯದು ಚೊಕ್ಕಪ್ರತಿ. ಶಾಸನಗಳ ಕಾಲದಲ್ಲಿ ರಚಿಸುವವನೊಬ್ಬ, ಬರೆಯುವವನೊಬ್ಬ, ಕೊರೆಯುವ ರೂವಾರಿಯೊಬ್ಬ ಎಂದು ಈ ಕೆಲಸವು ಹಲವರ ಕೈ ದಾಟುತ್ತಿದ್ದುದುಂಟು. ತಾಳಗುಂದದ ಸ್ತಂಭಶಾಸನದ ಕವಿಯಾದ ಕುಬ್ಜನು ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡಿರುವನು. ಲಿಪಿಕಾರನ ಕೈಯಲ್ಲಿ ಕೆಡಬಾರದೆಂಬ ಎಚ್ಚರಿಕೆಯೋ ಏನೋ! ಅಶೋಕನೂ ತನ್ನ ಹದಿನಾಲ್ಕನೆಯ ಶಿಲಾಶಾಸನದಲ್ಲಿ, ಕೆಲವೆಡೆ ಬರೆಹವು ಅಪೂರ್ಣವಾಗಿದ್ದರೆ ಅದು ಲಿಪಿಕಾರನ ದೋಷದಿಂದಲೂ ಆಗಿರಬಹುದೆಂದು ಹೇಳಿದ್ದಾನೆ. ಗೃಹಸ್ಥರಿಗೆ ಲಿಪಿಕಾರರಿಲ್ಲ, ಆದಕಾರಣ ಚೊಕ್ಕಪ್ರತಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡುವುದು ಕ್ಷೇಮ.

ಈ ಮೆಟ್ಟಿಲುಗಳನ್ನೆಲ್ಲ ಹತ್ತಿದರೆ ಬರುವ ಫಲವೇನೆಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳುವೆವು. ನಾವು ಹೊಸದುರ್ಗ ತಾಲ್ಲೂಕಿನ ಶಾಲೆಯೊಂದರಲ್ಲಿದ್ದಾಗ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಬಳಿಗೆ ಬಂದು, “ಸಾರ್, ನಮ್ಮ ಮನೆಯಲ್ಲಿ ಪರೀಕ್ಷೆ ಮುಗಿದ ಕೂಡಲೇ ನನಗೆ ಮದುವೆ ಮಾಡಬೇಕೆಂದಿದ್ದಾರೆ. ಅಪ್ಪನಿಗೆ ನೀವೇ ಒಂದು ಕಾಗದ ಬರೆದುಕೊಡಿ” ಎಂದಳು. ಹದಿನೆಂಟು ತುಂಬದ ಹೆಣ್ಣಿಗೆ ಮದುವೆ ಮಾಡುವುದನ್ನು ಕಾನೂನು ನಿಷೇಧಿಸಿದೆಯೆಂದೂ, ಅದು ನಡೆಯದಂತೆ ನಾವು ನೋಡಿಕೊಳ್ಳುವೆವೆಂದೂ ಧೈರ್ಯ ಹೇಳಿದೆವು. ಅದಕ್ಕೆ ಅವಳು, “ಕಾನೂನು ಹೇಳಿದರೆ ಅಪ್ಪ ಹೆದರಿ ಮದುವೆ ನಿಲ್ಲಿಸಬಹುದು ಸಾರ್. ಆದರೆ ಕಾಲೇಜಿಗೆ ಕಳುಹಿಸುವುದಿಲ್ಲವಲ್ಲ” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಹೇಳೋಣವೆಂದರೆ, ಅಜ್ಜಿ, ದೊಡ್ಡಪ್ಪ, ಸೋದರಮಾವ ಎಲ್ಲರೂ ಕೂಡಿರುವಾಗ ಅವಳಿಗೆ ಬಾಯಿ ಬಾರದು. “ಹಾಗಾದರೆ ಕಾಗದವನ್ನು ನೀನೇ ಬರೆ, ತಿದ್ದುವುದಕ್ಕೆ ನಾವಿದ್ದೇವೆ” ಎಂದೆವು.

ಮೊದಲನೆಯ ಕರಡು ಬಂದಿತು. ಅದರಲ್ಲಿ ‘ತೀರ್ಥರೂಪರಾದ ತಂದೆಯವರಿಗೆ’ ಎಂಬುದರಿಂದ ಮೊದಲಾಗಿ ಪಾಠದಲ್ಲಿ ಕಲಿತ ಒಕ್ಕಣೆಯೆಲ್ಲವೂ ಇದ್ದಿತು. ಹೇಳಬೇಕಾದ ವಿಷಯ ಮಾತ್ರ ಇರಲಿಲ್ಲ. ಎರಡನೆಯದರಲ್ಲಿ ಅಳು ತುಂಬಿತ್ತು. ಅಣ್ಣನನ್ನು ದಾವಣಗೆರೆಗೆ ಓದಲು ಕಳುಹಿಸಿದ ದೂರೂ ಇತ್ತು. ಮೂರನೆಯದು ಸ್ತ್ರೀವಿದ್ಯಾಭ್ಯಾಸದ ಮೇಲೆ ಒಂದು ಭಾಷಣವಾಗಿತ್ತು. ಆಗ ನಾವು ಅವಳನ್ನು ಒಂದೇ ಪ್ರಶ್ನೆ ಕೇಳಿದೆವು: “ನಿನ್ನನ್ನು ಓದಿಸುವುದಕ್ಕೆ ನಿಮ್ಮ ಅಪ್ಪನಿಗೆ ಏನೇನು ಭಯ?” ಅವಳು ಬಹಳ ಹೊತ್ತು ಯೋಚಿಸಿ, ಬೆರಳು ಮಡಿಸಿ ಎಣಿಸಿದಳು. ಖರ್ಚಿನ ಭಯ, ದಾರಿಯ ಭಯ, ಜನರ ಮಾತಿನ ಭಯ, ಬಂದ ಸಂಬಂಧ ತಪ್ಪಿಹೋಗುವ ಭಯ. ನಾಲ್ಕನೆಯ ಕರಡು ಒಂದೇ ಪುಟಕ್ಕೆ ಇಳಿಯಿತು. ಬಸ್ಸಿನ ಪಾಸಿಗೆ ಎಷ್ಟಾಗುವುದು, ಪಟ್ಟಣದಲ್ಲಿರುವ ಸೋದರತ್ತೆಯ ಮನೆಯಲ್ಲಿ ಮಳೆ ಗಾಳಿಯ ದಿನ ತಂಗಬಹುದೆಂಬುದು, ಎರಡು ವರ್ಷದ ಗಡುವು, ಕಡೆಯಲ್ಲಿ, “ಅಪ್ಪ, ಮಂಡಿಯವರ ಚೀಟಿಯಲ್ಲಿ ನೂರು ಕಾಯಿಯ ಲೆಕ್ಕ ತಪ್ಪಿದ್ದುದನ್ನು ಕಂಡುಹಿಡಿದವಳು ನಾನೇ ಅಲ್ಲವೆ? ಇನ್ನೂ ಓದಿದರೆ ಇನ್ನೂ ಉಪಯೋಗಕ್ಕೆ ಬರುತ್ತೇನೆ” ಎಂಬ ಮಾತು. ಆ ತೆಂಗಿನಕಾಯಿಯ ಲೆಕ್ಕವು ಮೊದಲಿನ ಮೂರು ಕರಡುಗಳಲ್ಲಿ ಎಲ್ಲಿಯೂ ಇರಲಿಲ್ಲ. ರಾಜಶೇಖರನು ಹೇಳಿದ ‘ಮರೆತುದನ್ನು ನೆನೆದು ಸೇರಿಸುವುದು’ ಎಂದರೆ ಇದೇ.

ಎಂಟು ದಿನಗಳ ಮೇಲೆ ತಂದೆಯು ಶಾಲೆಗೆ ಬಂದರು. ಅಂಗಿಯ ಜೇಬಿನಿಂದ ಕಾಗದವನ್ನು ತೆಗೆದು, “ಮೇಷ್ಟ್ರೇ, ಇದನ್ನು ನೀವು ಹೇಳಿ ಬರೆಸಿದಿರೋ?” ಎಂದು ಕೇಳಿದರು. “ಅಳಿಸುವುದನ್ನು ನಾವು ಹೇಳಿದೆವು, ಬರೆದುದೆಲ್ಲ ಅವಳದೇ” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಯಿನ ಲೆಕ್ಕ ನಿಜ” ಎಂದು ಹೇಳಿ ಹೊರಟುಹೋದರು. ಆ ವರ್ಷ ಹುಡುಗಿಯು ಹೊಸದುರ್ಗದ ಕಾಲೇಜಿಗೆ ಸೇರಿದಳು. ಆ ಕಾಗದವು ಮನೆಯ ತಗಡಿನ ಪೆಟ್ಟಿಗೆಯಲ್ಲಿ ಪಹಣಿ ಪತ್ರಗಳ ಜೊತೆಗೆ ಇದೆಯೆಂದು ಬಹುಕಾಲದ ಮೇಲೆ ಅವಳೇ ನಮಗೆ ತಿಳಿಸಿದಳು.

ಈಗ ಕಾಲ ಬದಲಾಗಿದೆ. ಕೈಯಲ್ಲಿರುವ ಮೊಬೈಲಿನಲ್ಲಿ ಎರಡು ಬೆರಳುಗಳಿಂದ ಸುದ್ದಿ ಕಳುಹಿಸುವೆವು. ಕೇಳಿದರೆ ಸಾಕು, ಕಾಗದ ಅರ್ಜಿ ಪ್ರಬಂಧಗಳನ್ನು ಕ್ಷಣಾರ್ಧದಲ್ಲಿ ಒಕ್ಕಣೆಸಹಿತ ಬರೆದುಕೊಡುವ ಯಂತ್ರಗಳೂ ಬಂದಿವೆ. ನಾವು ಅವುಗಳನ್ನು ಹಳಿಯುವವರಲ್ಲ. ಅರ್ಜಿ ಬರೆಯುವವರಿಲ್ಲದೆ ಪರದಾಡುವ ಬಡವರಿಗೆ ಅವು ಸಹಾಯಕವೇ. ಆದರೆ ಹೇಳದೆ ಇದ್ದರೆ ಕಾಯಿಯ ಲೆಕ್ಕವು ಯಂತ್ರಕ್ಕೆ ತಿಳಿಯುವುದು ಹೇಗೆ? ಅದನ್ನು ಹೇಳಬೇಕೆಂದು ಹುಡುಗಿಗೇ ಹೊಳೆದುದು ನಾಲ್ಕನೆಯ ಸಲ ಬರೆಯುವಾಗ. ಬರೆಯುತ್ತ ಬರೆಯುತ್ತ ನಮ್ಮ ಮನಸ್ಸಿನಲ್ಲಿರುವುದು ನಮಗೇ ತಿಳಿಯುತ್ತ ಬರುವುದು. ಆ ಲಾಭವನ್ನು ಇನ್ನೊಬ್ಬರ ಕೈಯಿಂದ ಪಡೆಯಲಾಗದು.

ಇನ್ನೊಂದು ಮಾತು. ಬರೆಯುವವನಿಗೆ ಓದಿ ಹೇಳುವವನೊಬ್ಬನು ಬೇಕು. ನಮ್ಮ ಜಿಲ್ಲೆಯ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲನೆಯ ಕನ್ನಡ ಪ್ರಾಧ್ಯಾಪಕರಾಗಿದ್ದು, ೧೯೩೯ರಲ್ಲಿ ತೀರಿಕೊಂಡರು. ಶಿಷ್ಯರಾದ ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿರುವರು. ಮನೆಯಲ್ಲಿ ಮಗುವು ಬರೆದುದನ್ನು ತಾಯಿಯೂ, ತಾಯಿಯು ಬರೆದುದನ್ನು ಮಗುವೂ ಕುಳಿತು ಕೇಳಿದರೆ ಅದೇ ದೊಡ್ಡ ಪಾಠ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮನೆಯಲ್ಲಿ ಒಂದು ದಪ್ಪ ನೋಟುಪುಸ್ತಕವನ್ನಿಡಿರಿ. ವಾರಕ್ಕೊಂದು ದಿನ ಮನೆಯವರಲ್ಲಿ ಒಬ್ಬರು ಅದರಲ್ಲಿ ಒಂದು ಪುಟವನ್ನು ಬರೆಯಲಿ. ಅಕ್ಷರ ಬಾರದ ಹಿರಿಯರಿದ್ದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಯಾವ ವರ್ಷ ಬಾವಿ ಬತ್ತಿತು, ಯಾವ ವರ್ಷ ಕೆರೆ ತುಂಬಿತು, ರಾಗಿಯ ಧಾರಣೆ ಎಷ್ಟಿತ್ತು, ಅಜ್ಜಿಯು ಯಾವ ಊರಿನಿಂದ ಸೊಸೆಯಾಗಿ ಬಂದಳು ಇವುಗಳನ್ನೆಲ್ಲ ತೇದಿಸಹಿತ ಬರೆದಿಡಿರಿ. ಬರೆದ ಮಾರನೆಯ ದಿನ ಒಮ್ಮೆ ಓದಿ, ಹೆಚ್ಚಾದುದನ್ನು ಹೊಡೆದುಹಾಕಿರಿ. ದೂರದ ಊರಿನಲ್ಲಿರುವ ಮಕ್ಕಳಿಗೆ ವರ್ಷಕ್ಕೊಂದಾದರೂ ಕಾಗದವನ್ನು ಕೈಯಾರೆ ಬರೆಯಿರಿ. ಕ್ಷೇಮವನ್ನು ಮೊದಲು ವಿಚಾರಿಸಿರಿ. ಈ ಯುಗಾದಿಗೆ ಪ್ರಾರಂಭಿಸಿದರೆ ಮುಂದಿನ ಯುಗಾದಿಯ ಹೊತ್ತಿಗೆ ಐವತ್ತು ಪುಟಗಳಾಗುವುವು. ಅದನ್ನು ಪಹಣಿ ಪತ್ರಗಳ ಜೊತೆಗೇ ಇಡಿರಿ.